ಬಾಡಿದ ಸಸಿಗಳೂ ಲೆಕ್ಕಕ್ಕುಂಟು

"ಈ ಗಿಡ ಬೆಳೆದಿದ್ದು ಚಹಾದ ಚರಟದಿಂದಲೋ, ಬಿಸಿಲಿನಿಂದಲೋ?"

ಗಣಿತದ ಹೊಸ ಮೇಷ್ಟ್ರು ಇದನ್ನು ಕೇಳಿದಾಗ ಅವರ ದನಿಯಲ್ಲಿ ಗದರಿಕೆ ಇರಲಿಲ್ಲ. ಆದರೆ ಮೇಜಿನ ಹಿಂದೆ ನಿಂತಿದ್ದ ಹುಡುಗಿಯ ಮುಖ ಬಿಳುಚಿಕೊಂಡಿತು.

ಶಾಲೆಯ ಸಭಾಂಗಣದಲ್ಲಿ ವಿಜ್ಞಾನ ಪ್ರದರ್ಶನ ನಡೆದಿತ್ತು. ಹುಡುಗಿಯ ಮುಂದೆ ಎರಡೇ ಎರಡು ಕುಂಡಗಳು. ಚಹಾ ಸೋಸಿ ಉಳಿದ ಚರಟ ಹಾಕಿದ ಹುರುಳಿಕಾಯಿ ಗಿಡ ಎತ್ತರಕ್ಕೆ ಬೆಳೆದಿತ್ತು, ಹಾಕದ್ದು ಗಿಡ್ಡವಾಗಿತ್ತು. ಮೊದಲನೆಯದನ್ನು ಎಲ್ಲಿ ಇಟ್ಟಿದ್ದೆ ಎಂದು ಮೇಷ್ಟ್ರು ಕೇಳಿದ್ದರು, ಕಿಟಕಿ ಹತ್ತಿರ ಎಂದಿದ್ದಳು. ಇನ್ನೊಂದು? ಬೀರುವಿನ ಪಕ್ಕ. ಅದಾದ ಮೇಲೆ ಬಂದದ್ದೇ ಆ ಪ್ರಶ್ನೆ.

ಒಂಬತ್ತನೇ ತರಗತಿಯ ಆ ಹುಡುಗಿಯ ದನಿ ಎಷ್ಟು ಸಣ್ಣದೆಂದರೆ ಶಾಲೆಯಲ್ಲಿ ಎಲ್ಲರೂ ಅವಳನ್ನು ಗುಬ್ಬಚ್ಚಿ ಎಂದೇ ಕರೆಯುತ್ತಿದ್ದರು. ಕನ್ನಡಿ ಮುಂದೆ ನಿಂತು ವಾರಗಟ್ಟಲೆ ಉರು ಹೊಡೆದಿದ್ದ ಮಾತುಗಳೆಲ್ಲ ಒಂದೇ ಏಟಿಗೆ ಹಾರಿಹೋದವು. ಮಾತಿನ ಬದಲು ಕಣ್ಣೀರು ಬಂತು.

ಪಕ್ಕದಲ್ಲೇ ನಿಂತಿದ್ದ ಜೀವಶಾಸ್ತ್ರದ ಟೀಚರ್‌ಗೆ ಮೈಯೆಲ್ಲ ಉರಿಯಿತು. ನಾಲ್ಕು ಜನರ ಮುಂದೆ ಬಾಯಿಬಿಡಲೂ ಹೆದರುತ್ತಿದ್ದ ಮಗುವನ್ನು ಇಲ್ಲಿವರೆಗೆ ತಂದು ನಿಲ್ಲಿಸಲು ಅವಳು ಪಟ್ಟ ಪಾಡು ಅವಳಿಗೇ ಗೊತ್ತು.

"ಪ್ರಶ್ನೆ ಕೇಳೋಕೆ ಬುದ್ಧಿ ಸಾಕು ಸರ್," ಎಂದಳು ಮೆಲ್ಲಗೆ. "ಯಾರನ್ನ ಕೇಳ್ತಿದೀವಿ ಅಂತ ನೋಡೋಕೆ ಮನಸ್ಸು ಬೇಕು."

ಮೇಷ್ಟ್ರು ಅವಳನ್ನು ನೋಡಿದರು. ತಲೆ ತಗ್ಗಿಸಿ ಮುಂದಿನ ಮೇಜಿಗೆ ಹೋದರು.

ಎಂಥ ಕಲ್ಲು ಮನುಷ್ಯ... ಆದರೆ ಆ ನೋಟ ಕಲ್ಲಿನದಾಗಿರಲಿಲ್ಲ. ಅದೇ ಅವಳನ್ನು ಇನ್ನಷ್ಟು ರೇಗಿಸಿತು.

ಟೀಚರ್ ಇದ್ದದ್ದು ಅಣ್ಣನ ಮನೆಯಲ್ಲಿ. ಅಣ್ಣ ಬಸ್ ಚಾಲಕ, ಮನೆಯಲ್ಲಿರುತ್ತಿದ್ದದ್ದೇ ಕಡಿಮೆ. ಹಾಗಾಗಿ ಮನೆಯೆಂದರೆ ಅತ್ತಿಗೆ, ಮುಂದಿನ ಕೋಣೆಯ ಹೊಲಿಗೆ ಯಂತ್ರ ಮತ್ತು ಅತ್ತಿಗೆಯ ಬಾಯಿ. ಬಾಯಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೂ ಸರಾಗವಾಗಿ ಮಾತಾಡಬಲ್ಲ ಹೆಂಗಸು ಆಕೆ.

ಆ ಸಂಜೆ ನಾದಿನಿ ಚಪ್ಪಲಿ ಬಿಟ್ಟ ಸದ್ದಿನಲ್ಲೇ ಅತ್ತಿಗೆಗೆ ಸಿಟ್ಟಿನ ಅಳತೆ ಸಿಕ್ಕಿತು. ಕತೆಯನ್ನೆಲ್ಲ ಕೇಳಿಸಿಕೊಂಡು, ಆ ಮೇಷ್ಟ್ರಿಗೆ ಮದುವೆ ಆಗಿದೆಯಾ ಎಂದಷ್ಟೇ ಕೇಳಿದರು. ಟೀಚರ್ ದಡದಡನೆ ಒಳಗೆ ಹೋದಳು.

ಮದುವೆಯ ಮಾತು ಆ ಮನೆಯಲ್ಲಿ ಎದ್ದು ಎಷ್ಟೋ ವರ್ಷಗಳಾಗಿದ್ದವು. ಇಪ್ಪತ್ತೈದರ ವಯಸ್ಸಿನಲ್ಲಿ ಒಬ್ಬ ಅವಳನ್ನು ಒಪ್ಪಿದ್ದ, ಅವಳೂ ಒಪ್ಪಿದ್ದಳು. ಆಮೇಲೆ ಅವನ ಫೋನು ನಿಂತಿತು. ಯಾಕೆ ಎಂದು ಅವಳು ಕೇಳಲಿಲ್ಲ. ಕೇಳಿದರೆ ತಾನೇ 'ಬೇಡ' ಎಂದು ಹೇಳಿಸಿಕೊಳ್ಳುವುದು... ಅವನಿಗೆ ಬೇರೆ ಮದುವೆಯಾದ ಸುದ್ದಿ ಯಾರಿಂದಲೋ ಬಂತು. ಅಂದಿನಿಂದ ಅವಳಿಗೊಂದು ಅಭ್ಯಾಸವೇ ಆಯಿತು. ನೋವಾಗುವ ಕಡೆ ಪ್ರಶ್ನೆ ಕೇಳುತ್ತಿರಲಿಲ್ಲ. ತಾನೇ ಮೊದಲು ಬಾಗಿಲು ಹಾಕಿಕೊಂಡುಬಿಡುತ್ತಿದ್ದಳು.

ಹೊಸ ಪಠ್ಯದಲ್ಲಿ ಜೀವಶಾಸ್ತ್ರಕ್ಕೆ ಒಂದು ಪಾಠ ಸೇರಿತ್ತು. ಪ್ರಯೋಗ ಹೂಡುವುದು ಹೇಗೆ, ಬಂದ ಅಂಕಿಗಳನ್ನು ಓದುವುದು ಹೇಗೆ ಎಂಬ ಪಾಠ. ಅರ್ಧ ಬೀಜ, ಅರ್ಧ ಲೆಕ್ಕ. ಒಬ್ಬರೇ ಮಾಡುವಂಥದ್ದಲ್ಲ, ಗಣಿತದ ಮೇಷ್ಟ್ರೂ ನೀವೂ ಸೇರಿ ಮಾಡಿ ಎಂದು ಹೆಡ್ ಮೇಡಂ ಅಪ್ಪಣೆ ಕೊಟ್ಟರು. ಆಕೆಯ ಮುಂದೆ ಎರಡನೇ ಮಾತಿಗೆ ಜಾಗವಿರಲಿಲ್ಲ.

ಮೊದಲ ದಿನ ಟೀಚರ್ ಮುಖ ಗಂಟಿಕ್ಕಿಕೊಂಡೇ ಪ್ರಯೋಗಾಲಯಕ್ಕೆ ಹೋದಳು. ಮೇಷ್ಟ್ರು ಕಪ್ಪುಹಲಗೆಯ ಕಡೆ ಹೋಗದೆ ನೇರ ಗುಬ್ಬಚ್ಚಿಯ ಬೆಂಚಿನ ಬಳಿ ಹೋಗಿ, ಅವಳ ಎತ್ತರಕ್ಕೆ ಬಗ್ಗಿ ನಿಂತರು.

"ಅವತ್ತು ನಾನು ಕೇಳಿದ ಪ್ರಶ್ನೆ ಸರಿ ಇತ್ತಮ್ಮ. ಕೇಳಿದ ಜಾಗ ತಪ್ಪು. ಅಷ್ಟು ಜನರ ಮುಂದೆ ಕೇಳಬಾರದಿತ್ತು. ಅದೇ ಪ್ರಯೋಗ ಇನ್ನೊಂದು ಸಲ ಮಾಡೋಣವಾ? ಯಾರೇ ಏನೇ ಕೇಳಿದರೂ ನೀನು ಉತ್ತರ ಕೊಡೋ ಹಾಗೆ?"

ಇಡೀ ತರಗತಿಯ ಎದುರು ಒಂದು ಮಗುವಿನ ಹತ್ತಿರ ತಪ್ಪು ಒಪ್ಪಿಕೊಂಡ ಗಂಡಸನ್ನು ಟೀಚರ್ ಅದುವರೆಗೆ ನೋಡಿರಲಿಲ್ಲ. ಮುಖದ ಗಂಟು ಯಾವಾಗ ಸಡಿಲವಾಯಿತೋ ಅವಳಿಗೇ ತಿಳಿಯಲಿಲ್ಲ.

ಈ ಸಲ ನಲವತ್ತು ಕುಂಡಗಳು. ಅಷ್ಟೊಂದು ಯಾಕೆ ಎಂದು ಹಿಂದಿನ ಬೆಂಚಿನ ಹುಡುಗ ಗೊಣಗಿದ. ಒಂದೇ ಗಿಡವನ್ನು ನಂಬುವುದು ಹೇಗೆ, ಅದು ಹುಟ್ಟಾ ಸೋಮಾರಿಯಾಗಿದ್ದರೆ ಎಂದರು ಮೇಷ್ಟ್ರು. ತಮ್ಮ ಮನೆಯಲ್ಲಿ ಅಣ್ಣ ತೆಂಗಿನಮರ, ತಾನು ಕುಳ್ಳ, ಇಬ್ಬರಿಗೂ ಊಟ ಮಾತ್ರ ಒಂದೇ ಎಂದು ಆ ಹುಡುಗ ಹೇಳಿದಾಗ ತರಗತಿ ಗೊಳ್ಳೆಂದಿತು. ಅದಕ್ಕೇ ಒಬ್ಬರ ಎತ್ತರ ನೋಡಬಾರದು, ಎಲ್ಲರ ಸರಾಸರಿ ನೋಡಬೇಕು, ಸರಾಸರಿಯಿಂದ ಯಾರ್ಯಾರು ಎಷ್ಟು ದೂರ ಇದ್ದಾರೆ ಅಂತಲೂ ನೋಡಬೇಕು ಎಂದರು. ಅಂದಿನಿಂದ ಅವರ ಹೆಸರೇ ಸರಾಸರಿ ಸರ್ ಆಯಿತು.

ಯಾವ ಕುಂಡಕ್ಕೆ ಚರಟ, ಯಾವುದಕ್ಕೆ ಬೇಡ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿದರು. ನಾವೇ ಆರಿಸಿದರೆ ಕೈ ತಾನಾಗಿ ಚೆಂದದ ಮೊಳಕೆಯ ಕಡೆ ಹೋಗುತ್ತದೆ ಎಂದು ಟೀಚರ್ ಮಕ್ಕಳಿಗೆ ವಿವರಿಸಿದಳು. ಎಲ್ಲಾ ಕುಂಡಕ್ಕೂ ಒಂದೇ ಮಣ್ಣು, ಒಂದೇ ಲೋಟದ ನೀರು, ಒಂದೇ ಕಿಟಕಿ. ಚರಟದ ಮೇಲೆ ತೆಳ್ಳಗೆ ಮಣ್ಣು ಮುಚ್ಚಿದರು, ಕುಂಡದ ಮೇಲೆ ಬರೀ ಸಂಖ್ಯೆ, ಗುಂಪಿನ ಪಟ್ಟಿ ಮುಚ್ಚಿದ ಲಕೋಟೆಯಲ್ಲಿ. ಯಾವ ಸಂಖ್ಯೆ ಯಾವ ಗುಂಪಿನದೆಂದು ಅಳೆಯುವವರಿಗೆ ಗೊತ್ತಿರಬಾರದು. ಗೊತ್ತಿದ್ದರೆ, ಬೇಕಾದ ಗಿಡ ಒಂದು ಕೂದಲೆಳೆಯಷ್ಟು ಉದ್ದವಾಗಿಯೇ ಕಾಣುತ್ತದೆ.

ಭಾನುವಾರಗಳಂದು ಮಕ್ಕಳು ಬರುತ್ತಿರಲಿಲ್ಲ. ನೀರು ಹಾಕಿ ಅಳೆಯುವ ಕೆಲಸ ಇಬ್ಬರದೇ.

ಬಳುಕುವ ಕಾಂಡಕ್ಕೆ ಅಳತೆಪಟ್ಟಿ ಹೊಂದುತ್ತಿರಲಿಲ್ಲ. ಟೀಚರ್ ಅತ್ತಿಗೆಯ ಡಬ್ಬಿಯಿಂದ ದಾರ ತಂದಳು. ದಾರದ ಒಂದು ತುದಿಯನ್ನು ಅವಳು ಮಣ್ಣಿನ ಬಳಿ ಹಿಡಿಯುತ್ತಿದ್ದಳು, ಇನ್ನೊಂದನ್ನು ಅವರು ತುದಿಯ ಎಲೆಯವರೆಗೆ ಎಳೆಯುತ್ತಿದ್ದರು. ಒಮ್ಮೊಮ್ಮೆ ಬೆರಳು ತಾಗುತ್ತಿತ್ತು. ಆಗ ಯಾರಾದರೊಬ್ಬರು ಅಗತ್ಯಕ್ಕಿಂತ ಗಟ್ಟಿಯಾಗಿ ಅಳತೆ ಹೇಳುತ್ತಿದ್ದರು.

'ಏನಾಗ್ತಿದೆ ನನಗೆ... ಹದಿನಾರರ ಹುಡುಗಿಯಾ ನಾನು?'

ಒಂದು ಭಾನುವಾರ ಅವಳು ಕೇಳಿದಳು. ಎದುರಿಗಿರುವವರು ಅತ್ತರೂ ಸರಿಯೆ, 'ಇದರಿಂದಲೋ, ಅದರಿಂದಲೋ?' ಅಂತ ಕೇಳಲೇಬೇಕೆನ್ನುವ ಹಟ ನಿಮಗೆಲ್ಲಿಂದ ಬಂತು?

ಮೇಷ್ಟ್ರು ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೂತರು. ಆಮೇಲೆ ತಮ್ಮ ಅಕ್ಕನ ಕತೆ ಹೇಳಿದರು. ತಾಯಿಯಿಲ್ಲದ ಅವರನ್ನು ಸಾಕಿದವಳು ಅಕ್ಕ. ಅವಳಿಗೆ ಗಂಟಲಲ್ಲಿ ಗೆಡ್ಡೆಯಾಯಿತು. ಆಸ್ಪತ್ರೆಯ ಚಿಕಿತ್ಸೆ ನಡೆದಿರುವಾಗಲೇ ಯಾರೋ ನಾಟಿ ವೈದ್ಯನೊಬ್ಬನ ಬೇರಿನ ಪುಡಿಯ ಸುದ್ದಿ ತಂದರು. ಆ ಪುಡಿಯಿಂದ ಗುಣವಾದವರು ಮನೆಗೇ ಬಂದು ಸಾಕ್ಷಿ ಹೇಳಿದರು. ಅಕ್ಕ ಆಸ್ಪತ್ರೆ ಬಿಟ್ಟಳು.

"ಬದುಕಿದವರು ಮನೆ ಬಾಗಿಲಿಗೆ ಬಂದು ಹೇಳಿದ್ರು. ಬದುಕದೇ ಇದ್ದವರು ಹೇಳೋಕೆ ಬರಲಿಲ್ಲ, ಅವರೆಷ್ಟು ಜನ ಅಂತ ನಾವು ಕೇಳಲೂ ಇಲ್ಲ," ಎಂದರು. "ಈಗ ನಮ್ಮಕ್ಕನೂ ಆ ಹೇಳದೇ ಇರೋರಲ್ಲೇ ಇದ್ದಾಳೆ."

ಟೀಚರ್ ಅವರ ಬೆರಳಿಗೆ ಬಿಗಿದಿದ್ದ ದಾರವನ್ನು ಮೆಲ್ಲಗೆ ಬಿಚ್ಚಿದಳು. ಬಿಚ್ಚಿದ ಮೇಲೂ ಆ ಕೈಯನ್ನು ತಕ್ಷಣ ಬಿಡಲಿಲ್ಲ.

ಗಿಡಗಳು ಮೊಣಕೈ ಉದ್ದ ಬರುವ ಹೊತ್ತಿಗೆ ಕೆಲವು ಬುಡ ಕೊಳೆತು ಮಗುಚಿಬಿದ್ದವು. ಪ್ರಯೋಗ ಮುಗಿದ ಶನಿವಾರ ಗುಂಪುಗಳ ಗುಟ್ಟು ಬಿಡಿಸಿ ನೋಡಿದರೆ, ಸತ್ತವು ಏಳು. ಏಳೂ ಚರಟ ಹಾಕಿದ ಗುಂಪಿನವೇ. ತೇವ ಹಿಡಿದುಕೊಂಡ ಚರಟ ಬೂಷ್ಟು ಬರಿಸಿತ್ತು. ಬದುಕಿ ಉಳಿದವು ಮಾತ್ರ ಹುಲುಸಾಗಿದ್ದವು. ಸತ್ತವನ್ನೂ ಸೇರಿಸಿ ಹೇಳಿದರೆ, ಚರಟದಿಂದ ಗಿಡಕ್ಕೆ ಒಳ್ಳೆಯದಾಗುತ್ತದೆ ಎನ್ನಲು ಬಾಯಿಯೇ ಬರುವುದಿಲ್ಲ.

ಅಂತರಶಾಲಾ ಮೇಳಕ್ಕೆ ಇದೇ ಪ್ರಯೋಗ ಹೋಗಬೇಕಿತ್ತು. ಗುಬ್ಬಚ್ಚಿಯೇ ಮಾತಾಡಬೇಕಿತ್ತು. ಮಕ್ಕಳು ಮನೆಗೆ ಹೊರಟ ಮೇಲೆ ಟೀಚರ್ ಕಿಟಕಿ ಹತ್ತಿರ ನಿಂತು ನಿಟ್ಟುಸಿರಿಟ್ಟಳು.

"ಆ ಮಗು ಎರಡನೇ ಸಲ ಸೋಲೋದನ್ನ ನೋಡೋಕೆ ನನ್ನಿಂದ ಆಗಲ್ಲ ಸರ್. ಆ ಸತ್ತ ಕುಂಡಗಳು ಇಲ್ಲದೇ ಇದ್ದಿದ್ರೆ ಎಷ್ಟು ಚೆನ್ನಾಗಿತ್ತು..."

ಮೇಷ್ಟ್ರು ಅವಳ ಕಣ್ಣಂಚಿನ ತೇವವನ್ನು ನೋಡಿದರು.

ಸೋಮವಾರ ಹೆಡ್ ಮೇಡಂ ಕೋಣೆಯ ಹೊರಗೆ ಪ್ರಯೋಗದ ಚಿತ್ರಪಟ ತೂಗುತ್ತಿತ್ತು. ಚರಟದ ಗುಂಪಿನ ಎತ್ತರ ತೋರಿಸುವ ಕಂಬ ಗೋಪುರದಂತೆ ಎದ್ದು ನಿಂತಿದೆ. ಕೆಳಗೆ ಕುಂಡಗಳ ಒಟ್ಟು ಸಂಖ್ಯೆ... ಮೂವತ್ತಮೂರು.

ಟೀಚರ್ ಆ ಸಂಖ್ಯೆಯನ್ನು ಎರಡನೇ ಸಲ ಓದಿದಳು. ಸತ್ತ ಏಳೂ ಆಟಕ್ಕುಂಟು, ಲೆಕ್ಕಕ್ಕಿಲ್ಲ. ಪಟ ಬರೆದವರು ಮಕ್ಕಳು, ಅಂಕಿ ಕೊಡುತ್ತಿದ್ದವರು ದೊಡ್ಡವರಿಬ್ಬರು. ಯಾರು ತೆಗೆದದ್ದು?

ಬಾಗಿಲಿನ ಪರದೆಯಾಚೆ ಹೆಡ್ ಮೇಡಂ ಅದನ್ನೇ ಕೇಳುತ್ತಿದ್ದರು. ಬಿತ್ತಿದ್ದು ನಲವತ್ತು ಎಂದು ಇಡೀ ಶಾಲೆಗೇ ಗೊತ್ತು, ಉಳಿದ ಏಳು ಎಲ್ಲಿ ಹೋದವು? ಆಮೇಲೆ ಆ ಪರಿಚಿತ ದನಿ ಕೇಳಿಸಿತು.

"ನಾನು ತೆಗೆದೆ ಮೇಡಂ. ಟೀಚರ್‌ಗೆ ಇದರಲ್ಲಿ ಏನೂ ಗೊತ್ತಿಲ್ಲ."

ಅವಳು ಪರದೆ ಸರಿಸಲಿಲ್ಲ. ಬಂದ ಕಾಲಲ್ಲೇ ಹಿಂದಿರುಗಿದಳು.

'ಸತ್ತವರನ್ನ ಎಣಿಸಲಿಲ್ಲ ಅಂತ ಅಷ್ಟು ನೋವಿಂದ ಹೇಳಿದ ಮನುಷ್ಯ... ಹಾಗಾದರೆ ಅಕ್ಕನ ಕತೆಯೂ ಬರೀ ಕತೆಯಾ? ಆ ಕೈಯನ್ನಾ ನಾನು ಹಿಡಿದದ್ದು?'

ಮೇಳಕ್ಕೆ ಹೋಗುವುದು ರದ್ದಾಯಿತು. ಪ್ರಯೋಗದಿಂದ ಮೇಷ್ಟ್ರನ್ನು ಕೈಬಿಟ್ಟರು. ಮೇಲಿನವರಿಗೆ ವರದಿ ಹೋಗಲಿದೆ, ಮೇಷ್ಟ್ರು ವರ್ಗಾವಣೆ ಕೇಳಿದ್ದಾರೆ ಎಂದು ಶಿಕ್ಷಕರ ಕೋಣೆಯಲ್ಲಿ ಪಿಸುಮಾತು. ಸಿಕ್ಕಾಗಲೆಲ್ಲ ಅವರು ಅವಳನ್ನು ನೋಡುತ್ತಿದ್ದ ರೀತಿಯೇ ಬೇರೆಯಾಗಿತ್ತು, ಅವಳಿಂದ ಏನೋ ಒಂದು ಮಾತಿಗೆ ಕಾಯುವವರ ಹಾಗೆ. ಕ್ಷಮೆಗೆ ಕಾಯುತ್ತಿದ್ದಾರೆ ಎಂದುಕೊಂಡಳು. ಮುಖ ತಿರುಗಿಸಿ ನಡೆದಳು. ಬಾಗಿಲು ಹಾಕಿಕೊಳ್ಳುವುದು ಅವಳಿಗೆ ಹೊಸದೇ?

ಮನೆಯಲ್ಲಿ ಇದನ್ನೆಲ್ಲ ಕೇಳಿ ಅತ್ತಿಗೆ ಯಂತ್ರ ನಿಲ್ಲಿಸಿದರು. ಅವರ ಬಾಯಿಂದಲೇ ಕೇಳಿದೆಯಾ ಎಂದರು. ಕಿವಿಯಾರೆ ಕೇಳಿದೆ ಎಂದಳು ಟೀಚರ್. ಕೇಳಿಸಿಕೊಂಡಿದ್ದನ್ನು ಕೇಳುತ್ತಿಲ್ಲ, ನೀನು ಯಾಕೆ ಎಂದು ಕೇಳಿದೆಯಾ ಅಂತ ಕೇಳುತ್ತಿದ್ದೇನೆ ಎಂದರು ಅತ್ತಿಗೆ.

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ನಿನ್ನ ವಿಜ್ಞಾನವೂ ಇದನ್ನೇ ತಾನೇ ಹೇಳೋದು? ಮಕ್ಕಳಿಗೆ ಹೇಳಿಕೊಡ್ತೀಯ, ನೀನು ಮಾತ್ರ ಮಾಡಲ್ಲ. ಹೋದ ಸಲವೂ ಕೇಳಲಿಲ್ಲ ನೀನು."

ಆ ಕೊನೆಯ ಮಾತು ನಾಟಿತು. ಆದರೂ ಅವಳು ಮೇಷ್ಟ್ರನ್ನು ಕೇಳಲು ಹೋಗಲಿಲ್ಲ.

ಮರುದಿನ ಸಂಜೆ ಗುಬ್ಬಚ್ಚಿ ಬಾಗಿಲಲ್ಲಿ ನಿಂತಿದ್ದಳು. ಸಮವಸ್ತ್ರದ ಅಂಚು ಬಿಚ್ಚಿದೆ, ಹೊಲಿಸಬೇಕು ಎಂದಳು. ಅತ್ತಿಗೆ ನೋಡಿದರೆ ಅಂಚು ಗಟ್ಟಿಮುಟ್ಟಾಗಿತ್ತು. ನೀರು ತರುವ ನೆಪದಲ್ಲಿ ಒಳಗೆ ಹೋದರು.

ಹುಡುಗಿ ನೆಲ ನೋಡುತ್ತಾ ಮಾತಾಡಿದಳು. ಸರ್ ಶಾಲೆ ಬಿಟ್ಟು ಹೋಗುತ್ತಾರಂತೆ, ಅವರು ಏನೂ ಮಾಡಿಲ್ಲ, ಅವತ್ತು ಶನಿವಾರ ನೀರಿನ ಬಾಟಲಿ ಮರೆತು ವಾಪಸ್ ಬಂದಾಗ...

"ನೀವು ಹೇಳ್ತಿದ್ರಿ ಟೀಚರ್. ಸತ್ತ ಕುಂಡಗಳು ಇಲ್ಲದೇ ಇದ್ದಿದ್ರೆ ಚೆನ್ನಾಗಿತ್ತು ಅಂತ. ನಿಮ್ಮ ಕಣ್ಣಲ್ಲಿ ನೀರಿತ್ತು. ಅದಕ್ಕೆ ನಾನೇ... ಪಟ ಬರೆಯೋವಾಗ ಬಿಟ್ಟುಬಿಟ್ಟೆ. ನಿಮಗೆ ಖುಷಿ ಆಗುತ್ತೆ ಅಂದ್ಕೊಂಡೆ."

ಟೀಚರ್ ಹುಡುಗಿಯನ್ನು ಎದೆಗೆ ಎಳೆದುಕೊಂಡಳು. ಬೈಯಲು ಬಾಯಿ ಎಲ್ಲಿತ್ತು? ತನ್ನ ಒಂದು ನಿಟ್ಟುಸಿರು ಈ ಮಗುವಿನ ಕೈಲಿ ಸುಳ್ಳು ಬರೆಸಿತ್ತು. ಮತ್ತು ಆ ಮನುಷ್ಯ... ತಾನು ಮಾಡದ್ದನ್ನು, ಜಗತ್ತಿನಲ್ಲಿ ಎಲ್ಲಕ್ಕಿಂತ ಹೆಚ್ಚು ದ್ವೇಷಿಸುತ್ತಿದ್ದದ್ದನ್ನೇ, ತನ್ನ ತಲೆಯ ಮೇಲೆ ಹೊತ್ತುಕೊಂಡಿದ್ದ.

ಮಾರನೆಯ ಬೆಳಿಗ್ಗೆ ಗುಬ್ಬಚ್ಚಿಯ ಕೈಹಿಡಿದು ಹೆಡ್ ಮೇಡಂ ಕೋಣೆಗೆ ಹೋದಳು. ತನ್ನ ನಿಟ್ಟುಸಿರಿನಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಹೆಡ್ ಮೇಡಂ ಕನ್ನಡಕ ತೆಗೆದು ಒರೆಸಿದರು. ವರದಿಯನ್ನು ಇನ್ನೂ ಕಳಿಸಿಲ್ಲ ಎಂದರು. ಆ ಮೇಷ್ಟ್ರು ಸುಳ್ಳು ಹೇಳುವಾಗ ಕಿವಿ ಕೆಂಪಾಗಿತ್ತು, ನನಗೆ ಅನುಮಾನ ಇತ್ತು ಎಂದರು. ಹೊಸ ಪಟ ಬರೆಯಿರಿ, ಈ ಸಲ ನಲವತ್ತೂ ಇರಲಿ. ಮೇಳದವರ ಹತ್ತಿರ ನಾನು ಮಾತಾಡುತ್ತೇನೆ.

ಮೇಷ್ಟ್ರು ಪ್ರಯೋಗಾಲಯದಲ್ಲಿ ಖಾಲಿ ಕುಂಡಗಳನ್ನು ತೊಳೆಯುತ್ತಿದ್ದರು. ಟೀಚರ್ ಬಾಗಿಲಲ್ಲಿ ನಿಂತಳು. 'ಕೇಳು... ಈ ಸಲ ಕೇಳು.'

"ಯಾಕೆ ಹಾಗೆ ಹೇಳಿದ್ರಿ?"

ನಲ್ಲಿ ನಿಲ್ಲಿಸಿ ಅವರು ತಿರುಗಿದರು. ತಿರುಗಿದವರ ಮುಖದಲ್ಲಿ ದಣಿವಿತ್ತು.

"ನೀವು ತೆಗೆದಿರಿ ಅಂದ್ಕೊಂಡೆ."

ಅವಳಿಗೆ ಕಪಾಳಕ್ಕೆ ಹೊಡೆದಂತಾಯಿತು. ತಾನು ಅಂಥವಳೆಂದು ನಂಬಿದಿರಾ ಎಂದು ಸಿಡುಕಿದಳು. ಸಿಡುಕಿದ ಮರುಕ್ಷಣವೇ ತಾನೂ ಅವರ ಬಗ್ಗೆ ಅದನ್ನೇ ನಂಬಿದ್ದು ನೆನಪಾಗಿ ನಾಲಿಗೆ ತಡವರಿಸಿತು. ಗುಬ್ಬಚ್ಚಿಯ ವಿಷಯ ಹೇಳಿದಳು. ಅವರು ಒದ್ದೆ ಕೈಯಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟರು.

"ಪಟ ನೋಡಿದ ಕೂಡಲೇ ನನಗೆ ನಿಮ್ಮ ಮೇಲೆ ತುಂಬಾ ಸಿಟ್ಟು ಬಂತು," ಎಂದರು ಕೊನೆಗೆ. "ಆದ್ರೆ ಮೇಡಂ 'ಯಾರು' ಅಂತ ಕೇಳಿದಾಗ ನಿಮ್ಮ ಹೆಸರು ಹೇಳೋಕೆ ಬಾಯಿ ಬರಲಿಲ್ಲ. ಸಿಟ್ಟು ಅಲ್ಲೇ ಇತ್ತು, ಅದರ ಪಕ್ಕದಲ್ಲೇ ಇನ್ನೊಂದೂ ಇತ್ತು. ಆವಾಗಲೇ ನನಗೆ ಗೊತ್ತಾಗಿದ್ದು."

"ಏನು ಗೊತ್ತಾಗಿದ್ದು?"

ಈಗ ಕೇಳುವುದು ಅವಳಿಗೆ ಕಷ್ಟವಾಗಲಿಲ್ಲ.

"ನೀವು ತಪ್ಪು ಮಾಡಿದ್ರೂ ನಿಮ್ಮನ್ನ ಬಿಟ್ಟಿರೋಕೆ ನನ್ನಿಂದ ಆಗಲ್ಲ ಅಂತ."

ಟೀಚರ್‌ಗೆ ಕಣ್ಣು ತುಂಬಿ ಬಂತು. ತಾನು ಅಷ್ಟು ದೊಡ್ಡ ಮನಸ್ಸು ಮಾಡಲಿಲ್ಲ, ಅಕ್ಕನ ಕತೆಯನ್ನೂ ಸುಳ್ಳೆಂದುಕೊಂಡೆ, ಒಂದು ಮಾತು ಕೇಳದೆ ಮುಖ ತಿರುಗಿಸಿದೆ ಎಂದು ತಡೆತಡೆದು ಹೇಳಿದಳು. ಅಕ್ಕನ ಹೆಸರು ಬಂದಾಗ ಅವರ ಮುಖ ಒಂದು ಗಳಿಗೆ ಕಪ್ಪಿಟ್ಟಿತು. ನೋವಾಗಿತ್ತು. ಅದನ್ನು ಅವರು ಮುಚ್ಚಿಡಲಿಲ್ಲ.

"ಅದು ಕೇಳಿ ನೋವಾಯ್ತು," ಎಂದರು. "ಆದ್ರೆ ನೀವಾಗೇ ಹೇಳಿದಿರಲ್ಲ. ಇನ್ಮೇಲೆ ಏನೇ ಅನುಮಾನ ಬಂದ್ರೂ ಮೊದಲು ನನ್ನನ್ನೇ ಕೇಳಿ. ನಾನೂ ನಿಮ್ಮನ್ನೇ ಕೇಳ್ತೀನಿ."

"ವರ್ಗ ಕೇಳಿದ್ದು ನಿಜವಾ?"

"ನಿಜ. ದಿನಾ ನೀವು ಮುಖ ತಿರುಗಿಸಿ ಹೋಗೋದನ್ನ ನೋಡೋಕೆ ಆಗಲಿಲ್ಲ. ಇವತ್ತೇ ವಾಪಸ್ ತಗೋತೀನಿ."

ಅವಳು ಸೀರೆಯ ಸೆರಗಿನಿಂದ ಅವರ ಒದ್ದೆ ಕೈಗಳನ್ನು ಒರೆಸಿದಳು. ಒಂದೊಂದೇ ಬೆರಳನ್ನು, ನಿಧಾನವಾಗಿ. ಅಷ್ಟು ಹೊತ್ತು ಬೇಕಿರಲಿಲ್ಲ. ಆದರೂ ಅಷ್ಟು ಹೊತ್ತು ತೆಗೆದುಕೊಂಡಳು.

ಮೇಳದಲ್ಲಿ ಗುಬ್ಬಚ್ಚಿ ನಲವತ್ತು ಕುಂಡಗಳ ಪಟದ ಮುಂದೆ ನಿಂತಳು. ಚರಟದಿಂದ ಗಿಡ ಚೆನ್ನಾಗಿ ಬೆಳೆಯುತ್ತದೆ ಎಂದು ನಾವು ನಂಬಿದ್ದೆವು, ಆದರೆ ಹಾಗೆ ಹೇಳಲು ಆಧಾರ ಸಿಗಲಿಲ್ಲ, ಬದಲಿಗೆ ಕೊಳೆತದ್ದು ಕಂಡಿತು, ಕಡಿಮೆ ಚರಟ ಹಾಕಿ ಮತ್ತೆ ನೋಡಬೇಕು ಎಂದಳು. ದನಿ ಈಗಲೂ ಸಣ್ಣದೇ. ಆದರೆ ತೀರ್ಪುಗಾರರು ಅದನ್ನು ಕೇಳಲು ಮುಂದಕ್ಕೆ ಬಾಗಿದರು. ಬಹುಮಾನ ಬೇರೆ ಶಾಲೆಗೆ ಹೋಯಿತು. ಹುಡುಗಿ ಅಳಲಿಲ್ಲ. ಮುಂದಿನ ಸಲಕ್ಕೆ ಎಷ್ಟು ಕುಂಡ ಬೇಕಾಗಬಹುದು ಎಂದು ವಾಪಸ್ ಬರುವ ಬಸ್ಸಿನಲ್ಲಿ ಸರಾಸರಿ ಸರ್ ಜೊತೆ ಚರ್ಚೆ ಮಾಡಿ, ಕಿಟಕಿಗೆ ಒರಗಿ ನಿದ್ದೆ ಹೋದಳು.

ಸಂಜೆಯ ಬಿಸಿಲು ಸೀಟುಗಳ ಮೇಲೆ ಉದ್ದಕ್ಕೆ ಬಿದ್ದಿತ್ತು. ಮೇಷ್ಟ್ರು ಹಿಂದಿನ ಸೀಟಿನಿಂದ ಎದ್ದು ಬಂದು ಟೀಚರ್ ಪಕ್ಕದಲ್ಲಿ ಕೂತರು.

"ನಾಳೆ ನಿಮ್ಮ ಮನೆಗೆ ಬರಲಾ?" ಎಂದರು ಅವರು. "ನಿಮ್ಮ ಅಣ್ಣ, ಅತ್ತಿಗೆ ಹತ್ರ ಮಾತಾಡಬೇಕು."

"ಏನಂತ ಮಾತಾಡ್ತೀರಿ?"

"ಅದೇ ಗೊತ್ತಾಗ್ತಿಲ್ಲ. ತರಗತಿಯಲ್ಲಾದ್ರೆ ಬಾಯಿಗೆ ಬರುತ್ತೆ. ನಿಮ್ಮ ಅತ್ತಿಗೆ ಮುಂದೆ ಏನು ಹೇಳಲಿ?"

ಅವಳಿಗೆ ನಗು ಬಂತು. ಅದನ್ನು ತಡೆಯಲು ಕಿಟಕಿಯ ಕಡೆ ತಿರುಗಿದಳು, ಆಮೇಲೆ ತಡೆಯುವುದನ್ನೇ ಬಿಟ್ಟಳು.

"ನೀವೇನೂ ಹೇಳೋದು ಬೇಡ. ಬಾಗಿಲು ತೆಗೆದ ಕೂಡಲೇ ಅತ್ತಿಗೆ 'ಊಟ ಆಯ್ತಾ' ಅಂತ ಕೇಳ್ತಾರೆ. 'ಇಲ್ಲ' ಅನ್ನಿ, ಸಾಕು. ಬಡಿಸ್ತಾ ಬಡಿಸ್ತಾ ಉಳಿದಿದ್ದನ್ನೆಲ್ಲ ಅವರೇ ಮಾತಾಡಿ ಮುಗಿಸ್ತಾರೆ."

"ಮತ್ತೆ ನೀವು?"

ಟೀಚರ್ ಅವರ ಕೈ ಮೇಲೆ ತನ್ನ ಕೈಯಿಟ್ಟಳು.

"ನಾನು ಎರಡು ಎಲೆ ಹಾಕಿ ಕಾಯ್ತಿರ್ತೀನಿ," ಎಂದಳು. "ಹಸಿದುಕೊಂಡು ಬನ್ನಿ."